ರೂಪಾಯಿಗೆ ಎಂಟಾಣೆ

‘ಜೈಲಿಗೆ ಹಾಕ್ತಾರಾ ಅಣ್ಣಾ?’ ಬಳ್ಳಾರಿಯಲ್ಲಿ ವಕೀಲರ ಗುಮಾಸ್ತನಾಗಿ ಆಯುಷ್ಯ ಕಳೆದ ನನ್ನನ್ನು ಐಪಿ ಹಾಕಲು ಬಂದವರು ಮೊದಲು ಕೇಳುವುದು ಇದನ್ನೇ. ‘ಪೇಪರ್‌ನಾಗ ಹೆಸರು ಬರತೈತಾ?’ ಎಂಬುದು ಎರಡನೆಯದು. ದುಡ್ಡಿನ ಮಾತು ಆಮೇಲೆ.

ಐಪಿ ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಹಳಬರು ಪಾಪರ್ ಚೀಟಿ ಎನ್ನುತ್ತಿದ್ದರು. ಇದು ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಕೆಳಗೆ. ಐನೂರು ರೂಪಾಯಿ ಸಾಲವಿದ್ದರೆ ಸಾಕು, ಅರ್ಜಿ ಹಾಕಬಹುದು ಎಂದು ಅದರಲ್ಲಿದೆ. ಆ ಕಾಲದ ಐನೂರು ಅದು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದೆಯಲ್ಲ ಎಂದು ಮೊಬೈಲ್ ಮುಂದೆ ಹಿಡಿಯುವ ಹುಡುಗರಿದ್ದಾರೆ. ಬಂದದ್ದು ನಿಜ. ಆದರೆ ವ್ಯಕ್ತಿಗಳ ದಿವಾಳಿಯ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗಷ್ಟೇ. ಕೌಲ್ ಬಜಾರಿನಲ್ಲಿ ಜೀನ್ಸ್ ಜಾಬ್‌ವರ್ಕ್ ಮಾಡಿ ಕೈಸುಟ್ಟುಕೊಂಡವನಿಗೆ ಹಳೇ ಕಾನೂನೇ ಗತಿ.

ಜೈಲಿನ ವಿಷಯ. ಕೊಡಲು ಏನೂ ಇಲ್ಲದವನನ್ನು, ಇಲ್ಲ ಎಂಬ ಒಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಇದ್ದೂ ಕೊಡದವನಿಗೆ ಡಿಕ್ರಿ ಜಾರಿಯಲ್ಲಿ ಮೂರು ತಿಂಗಳವರೆಗೆ ಜೈಲು ಉಂಟು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಇಷ್ಟು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಅರಳುತ್ತದೆ. ಆಗ ನಾನು ಕೇಳುತ್ತೇನೆ: ‘ಖಾಲಿ ಚೆಕ್ ಎಷ್ಟು ಮಂದಿಗೆ ಕೊಟ್ಟಿದ್ದೀಯಪ್ಪಾ?’ ಚೆಕ್ ಬೌನ್ಸ್ ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಸಜೆ, ಇಲ್ಲವೇ ಚೆಕ್ ಮೊತ್ತದ ಎರಡರಷ್ಟು ದಂಡ, ಇಲ್ಲವೇ ಎರಡೂ. ಐಪಿ ಹಾಕಿದ್ದೇನೆ ಅಂದರೆ ಆ ಕೇಸು ನಿಲ್ಲುವುದಿಲ್ಲ. ಮೀಟರ್ ಬಡ್ಡಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಅವರು ಪ್ರಾಮಿಸರಿ ನೋಟಿನ ಜೊತೆಗೆ ಚೆಕ್ಕನ್ನೂ ಇಸಿದುಕೊಳ್ಳುತ್ತಾರೆ.

ಹೆಸರಿನ ವಿಷಯ ಬೇಗ ಮುಗಿಯುತ್ತದೆ. ಸಾಲ ಕೊಟ್ಟ ಪ್ರತಿಯೊಬ್ಬರಿಗೂ ನೋಟಿಸು ಹೋಗುತ್ತದೆ, ದಿವಾಳಿ ಎಂದು ಘೋಷಿಸಿದ ಆದೇಶ ಗೆಜೆಟ್ಟಿನಲ್ಲಿ ಬರುತ್ತದೆ. ಗೆಜೆಟ್ಟನ್ನು ಯಾರೂ ಓದುವುದಿಲ್ಲ. ಓಣಿಗೆ ಸುದ್ದಿ ಮುಟ್ಟಿಸುವುದು ನೋಟಿಸು.

ನನ್ನ ಕೆಲಸ ಮುಖ್ಯವಾಗಿ ಪಟ್ಟಿ ಬರೆಯುವುದು. ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸ, ತನ್ನ ಹತ್ತಿರ ಏನೇನಿದೆ, ಎಲ್ಲ ಅದರಲ್ಲಿರಬೇಕು. ಬ್ಯಾಂಕಿನ ಸಾಲವನ್ನು ಪೈಸೆ ಸಮೇತ ಹೇಳುತ್ತಾರೆ, ಫೈನಾನ್ಸಿನ ಕಂತನ್ನೂ ಹೇಳುತ್ತಾರೆ. ಬಾಯಿಗೆ ಬಾರದ ಸಾಲ ಬೇರೆಯೇ ಇರುತ್ತದೆ. ತಂಗಿಯ ಬಳೆ ಅಡವಿಟ್ಟು ತಂದದ್ದು, ಎತ್ತಿದ ಮೇಲೆ ಕಟ್ಟದೆ ಬಿಟ್ಟ ಚೀಟಿ, ಮಾವ ಹೊಲ ಮಾರಿ ಕೊಟ್ಟ ದುಡ್ಡು. ‘ಅದನ್ಯಾಕ ಬರೀತೀರಿ, ಅದು ಮನೆಯವರದು’ ಎನ್ನುತ್ತಾರೆ. ಬಿಟ್ಟರೆ ಪಾಟೀ ಸವಾಲಿನಲ್ಲಿ ಎದುರು ವಕೀಲರು ಅದನ್ನೇ ಎತ್ತುತ್ತಾರೆ, ಮುಚ್ಚಿಟ್ಟವನು ಎಂಬ ಹಣೆಪಟ್ಟಿ ಬೀಳುತ್ತದೆ. ಆದ್ದರಿಂದ ನಾನು ಗಂಡನನ್ನು ಚಹಾಕ್ಕೆ ಕಳಿಸಿ ಹೆಂಡತಿಯನ್ನು ಕೂರಿಸಿಕೊಂಡು ಕೇಳುವುದನ್ನು ರೂಢಿ ಮಾಡಿಕೊಂಡೆ. ಪಟ್ಟಿ ಪೂರ್ತಿಯಾಗುವುದು ಆಗಲೇ.

‘ಮನೇನ ಹೆಂಡ್ತಿ ಹೆಸರಿಗೆ ಮಾಡಿಬಿಡ್ಲಾ?’ ಎಂದು ಕೇಳುವವರು ಸಾಮಾನ್ಯವಾಗಿ ಆಗಲೇ ಮಾಡಿಬಿಟ್ಟಿರುತ್ತಾರೆ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಬರೆದ ದಾನಪತ್ರವನ್ನು ಕೋರ್ಟು ರದ್ದು ಮಾಡಬಹುದು. ಇದು ಕೆಲವರಿಗೆ ಗೊತ್ತಿರುತ್ತದೆ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ: ಎಲ್ಲರಿಗೂ ಬಾಕಿ ಇಟ್ಟು ಒಬ್ಬ ಬೇಕಾದವನಿಗೆ ಮಾತ್ರ ತೀರಿಸಿ, ಮೂರು ತಿಂಗಳೊಳಗೆ ಐಪಿ ಹಾಕಿದರೆ ಆ ಪಾವತಿಯೂ ರದ್ದಾಗಬಹುದು. ನಮ್ಮ ಜನ ಮಾಡುವುದೇ ಇದನ್ನು. ಮುಳುಗುವುದು ಖಚಿತವಾದ ಮೇಲೆ ಕೊನೆಯ ದುಡ್ಡನ್ನು ಬಾಮೈದನಿಗೆ ಕೊಟ್ಟು ಮರ್ಯಾದೆ ಉಳಿಸಿಕೊಂಡೆ ಅಂದುಕೊಳ್ಳುತ್ತಾರೆ. ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ರಿಸೀವರ್ ಹೋಗಿ ಬಾಮೈದನ ಹತ್ತಿರ ದುಡ್ಡು ವಾಪಸು ಕೇಳಿದ ಮೇಲೆ ಆ ಸಂಬಂಧ ಏನಾಗುತ್ತದೆ, ನೀವೇ ಊಹಿಸಿ. ಕಾನೂನು ಇಲ್ಲಿ ನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಬಾಮೈದನಷ್ಟೇ ಬಡವ ಬಟ್ಟೆ ಸಪ್ಲೈ ಮಾಡಿದವನೂ.

ಉಳಿಯುವುದೇನು? ಉಟ್ಟ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಪಿಎಫ್, ಹೆಂಗಸರು ಧರ್ಮದ ಪ್ರಕಾರ ತೆಗೆಯಲಾಗದ ಒಡವೆ ಅಂದರೆ ತಾಳಿ, ಕಸುಬುದಾರನ ಹತಾರ. ತಾನೇ ಕೂತು ಹೊಲಿಯುವವನ ಮಿಷಿನ್ನು ಆ ಲೆಕ್ಕಕ್ಕೆ ಬರುತ್ತದೆ, ಆಳುಗಳನ್ನಿಟ್ಟು ನಡೆಸುವ ಯೂನಿಟ್ಟು ಬರುವುದಿಲ್ಲ. ಬ್ಯಾಂಕಿಗೆ ಅಡವಿಟ್ಟ ಮನೆಗೆ ಐಪಿಯಿಂದ ರಕ್ಷಣೆಯಿಲ್ಲ. ಜಾಮೀನು ಹಾಕಿದವನಿಗೂ ಇಲ್ಲ. ನಮಗೆ ಕೋರ್ಟಿನಿಂದ ಸಾಲದ ಬಿಡುಗಡೆ ಸಿಕ್ಕರೂ ಸಾಲ ಅವನ ಕೊರಳಿಗೆ ಹಾಗೇ ಇರುತ್ತದೆ. ಸರ್ಕಾರದ ಬಾಕಿ, ಹೆಂಡತಿಯ ಜೀವನಾಂಶ, ಮೋಸ ಮಾಡಿ ತಂದ ಸಾಲ, ಇವೂ ತೊಲಗುವುದಿಲ್ಲ.

ಇನ್ನು, ನನ್ನನ್ನು ಯಾರೂ ಕೇಳದ ಪ್ರಶ್ನೆ: ಅರ್ಜಿ ಹಾಕಿದ ಮೇಲೆ ಮುಂದೇನು? ಐಪಿ ನಂಬರು ಬಿದ್ದ ದಿನವೇ ಸಾಲದ ಕಾಟ ಮುಗಿಯಿತು ಎಂದು ಮಂದಿ ತಿಳಿಯುತ್ತಾರೆ. ಹೊಸ ದಾವೆ ಹೂಡಲು ಕೋರ್ಟಿನ ಅನುಮತಿ ಬೇಕು ಎಂಬ ತಡೆ ಹುಟ್ಟುವುದು ಅರ್ಜಿಯಿಂದಲ್ಲ, ದಿವಾಳಿ ಎಂದು ಘೋಷಿಸುವ ಆದೇಶದಿಂದ. ಆ ಆದೇಶವನ್ನು ಲ್ಯಾಮಿನೇಟ್ ಮಾಡಿಸಿ ವಸೂಲಿಯವರಿಗೆ ತೋರಿಸುತ್ತ ಓಡಾಡಿದವರನ್ನು ಕಂಡಿದ್ದೇನೆ. ಅದು ಅರ್ಧ ದಾರಿ ಅಷ್ಟೇ. ಇಂತಿಷ್ಟು ಕಾಲದೊಳಗೆ ಬಿಡುಗಡೆಗೆ ಅರ್ಜಿ ಹಾಕಬೇಕೆಂದು ಅದೇ ಆದೇಶದ ಕೊನೆಯಲ್ಲಿ ಬರೆದಿರುತ್ತದೆ. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಬಿಡುಗಡೆ ಸಿಗುವ ತನಕ ಬಂದ ಆಸ್ತಿಯೂ, ಅಪ್ಪನ ಹೊಲದ ಪಾಲಾದರೂ ಸರಿ, ರಿಸೀವರ್‌ಗೆ ಸೇರುತ್ತದೆ. ದಿವಾಳಿ ಎಂದು ಹೇಳದೆ ಐವತ್ತು ರೂಪಾಯಿ ಕಡ ತಂದರೂ ಅಪರಾಧ. ಶಾಸಕನಾಗುವಂತಿಲ್ಲ. ಇದನ್ನು ಕೇಳಿ ನಿಜಕ್ಕೂ ಬೇಜಾರಾದವರೂ ಇದ್ದಾರೆ, ಬಳ್ಳಾರಿಯಲ್ಲವೇ.

ಬಿಡುಗಡೆ ಸುಮ್ಮನೆ ಸಿಗುವುದೂ ಇಲ್ಲ. ಅಡಮಾನವಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿ ಇಲ್ಲವೆಂದರೆ ಪೂರ್ಣ ಬಿಡುಗಡೆ ಕೊಡುವಂತಿಲ್ಲ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಅವನು ತೋರಿಸದಿದ್ದರೆ. ತೋರಿಸುವುದು ಹೇಗೆ? ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ಕೇಳುತ್ತಾರೆ. ನಮ್ಮ ಒಬ್ಬ ಕಕ್ಷಿದಾರನ ಜೀನ್ಸ್ ಯೂನಿಟ್ಟಿಗೆ 2020ರ ಲಾಕ್‌ಡೌನಿನಲ್ಲಿ ಆರ್ಡರು ನಿಂತುಹೋದವು. ಅವನ ಹತ್ತಿರ ಲೆಡ್ಜರು ಇರಲಿಲ್ಲ. ಮಗಳ ಶಾಲೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೀಸಿನ ಲೆಕ್ಕ, ಕೂಲಿ, ವಾಪಸು ಬಂದ ಮಾಲು, ಎಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದ. ನಮ್ಮ ವಕೀಲರು ಅದನ್ನೇ ದಾಖಲೆ ಮಾಡಿಸಿದರು. ಮುಂದಿನ ಗಳಿಕೆಯಲ್ಲಿ ಒಂದು ಭಾಗ ಕಟ್ಟುತ್ತ ಹೋಗಬೇಕೆಂಬ ಷರತ್ತಿನ ಮೇಲೆ ಬಿಡುಗಡೆ ಸಿಕ್ಕಿತು. ಈಗ ಬೇರೆಯವರ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ.