ತಮ್ಮಾ, ಮೊದಲ ಗಾಳಿಗಿ ದಾರಿ ಮಾಡು

ಹಳೇ ಆಫೀಸ್ ಕಂಪ್ಯೂಟರಿಗಿ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ಓಪಿಎನ್‌ಸೆನ್ಸ್ ತುಂಬಿ, ಮನ್ಯಾಗ ಸ್ವಂತ ಫೈರ್‌ವಾಲ್ ನಿಲ್ಲಿಸೀದಿ. ಶಾಣ್ಯಾ ಇದ್ದಿ ತಮ್ಮಾ, ಅದರಾಗ ಎರಡು ಮಾತಿಲ್ಲ. ಆದ್ರ ಅವಸರಾನೂ ಅಷ್ಟ ಅದ. ಸಿಪಿಯು 68 ಡಿಗ್ರಿ ಅಂತ ಕಂಡಕೂಡಲೇ ಬಣ್ಣದ ಲೈಟಿನ ಫ್ಯಾನ್ ನಾಕು ಆರ್ಡರ್ ಮಾಡಿ ಕುಂತಿ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸೂ ಚಾಳಿ ನಿಂದು. ಅಜ್ಜಗ ಏನು ತಿಳೀತದ ಅಂತ ನಗಬ್ಯಾಡ. ಮಷಿನ್ ಬಿಚ್ಚಿ ಜೋಡಿಸಿದ ಕೈ ಇವು, ವಿಜಯಪುರದ ಬ್ಯಾಸಗೀನೂ ಕಂಡಾವು.

ಮೊದಲನೇ ಮಾತು: ಸಿಪಿಯು ಕಾವು ಒಂದನ್ನ ನೋಡಬ್ಯಾಡ, ಕೋಣಿ ಕಾವೂ ನೋಡು. ಫ್ಯಾನು ಗಾಳಿ ತಳ್ಳತದ, ಗಾಳಿ ತಂಪು ಮಾಡೂದಿಲ್ಲ. 42 ಡಿಗ್ರಿ ಕೋಣ್ಯಾಗ ಅದನ್ನ ಎಷ್ಟ ಜೋರ ತಿರುಗಿಸಿದ್ರೂ ಸಿಪಿಯು 42ರ ಕೆಳಗ ಇಳಿಯೂದು ಸುಳ್ಳು. ನಮ್ಮಲ್ಲಿ ಏಪ್ರಿಲ್, ಮೇದಾಗ 40 ದಾಟೂದು ಹೊಸದಲ್ಲ. ಅದಕ್ಕ ಎರಡರ ನಡುವಿನ ಅಂತರ ಬರದಿಡು. ಸಂಕ್ರಮಣದ ಸಿದ್ಧೇಶ್ವರ ಜಾತ್ರ್ಯಾಗ ಕೋಣಿ 22, ಸಿಪಿಯು 50 ಅಂತ ತಿಳಿ. ಬಸವ ಜಯಂತಿಗಿ ಕೋಣಿ 41, ಸಿಪಿಯು 69. ಎರಡೂ ಸಲ ಅಂತರ 28. ಮಷಿನ್ ಕೆಟ್ಟಿಲ್ಲ, ಹಂಗಾಮು ಬದಲಾಗೇದ. ಅಷ್ಟ ಕೆಲಸಕ್ಕ ಅಂತರ 40 ಆತಂದ್ರ ಆವಾಗ ಎದ್ದು ನೋಡು: ಧೂಳ ತುಂಬೇದೋ, ಫ್ಯಾನ್ ನಿಂತದೋ, ಸಿಪಿಯು ಮ್ಯಾಲಿನ ಪೇಸ್ಟ್ ಒಣಗೇದೋ.

ಯಾವಾಗರ ಓಪಿಎನ್‌ಸೆನ್ಸ್‌ದಾಗ ಕಾವು ಕಾಣದಿದ್ರ ಗಾಬರಿ ಬೀಳಬ್ಯಾಡ. ಸೆಟಿಂಗ್ಸ್‌ನ ಮಿಸಲೇನಿಯಸ್‌ದಾಗ ಥರ್ಮಲ್ ಸೆನ್ಸರ್ ಅಂತ ಇರ್ತದ. ಇಂಟೆಲ್ ಇದ್ರ ಇಂಟೆಲ್, ಎಎಂಡಿ ಇದ್ರ ಎಎಂಡಿ ಆರಿಸು. ಆದ್ರ ಫ್ಯಾನಿನ ವೇಗ ಬದಲಿ ಮಾಡೂ ಗುಂಡಿ ಅಲ್ಲೇ ಹುಡುಕಿ ರಾತ್ರಿ ಕಳೀಬ್ಯಾಡ. ಓಪಿಎನ್‌ಸೆನ್ಸ್ ಕೆಳಗಿರೂದು ಫ್ರೀಬಿಎಸ್‌ಡಿ. ಬಹಳಷ್ಟು ಬೋರ್ಡಿನ ಫ್ಯಾನಿಗಿ ಅದರಾಗ ಕಡಿವಾಣ ಇಲ್ಲ. ಆ ಕೆಲಸ ಬಯಾಸ್‌ದಾಗ ಮಾಡು.

ಎಷ್ಟು ಕಾವು ಹೆಚ್ಚು ಅಂತ ಕೇಳ್ತಿ. ಮನಿ ಫೈರ್‌ವಾಲಿಗಿ ಜನ ಈಗ ಹಾಕೂ ಇಂಟೆಲ್ ಎನ್100 ಚಿಪ್ಪಿಗಿ 105 ಡಿಗ್ರಿ ಕಟ್ಟಕಡೀ ಗೆರಿ. ಗೆರಿ ಹತ್ರ ಬಂದ್ರ ಚಿಪ್ಪು ತಾನ ನಿಧಾನ ಆಗ್ತದ, ದಾಟಿದ್ರ ಮಷಿನ್ ಬಂದ್ ಆಗ್ತದ. ಫೈರ್‌ವಾಲ್ ಬಂದ್ ಆತಂದ್ರ ಮನೀದೆಲ್ಲಾ ಇಂಟರ್ನೆಟ್ ಬಂದ್. ನಿಮ್ಮಕ್ಕನ ಆನ್‌ಲೈನ್ ಅರ್ಜಿ ಅರ್ಧಕ್ಕ ನಿಂತ್ರ ಬೈಸಿಕೊಳ್ಳಾವ ನೀನ. ಚಿಪ್ಪು ತಡದ್ರೂ ಬಾಜೂಕಿನ ಸಾಮಾನು ತಡೀಬೇಕಲ್ಲ? ಬೋರ್ಡಿನ ಎಲೆಕ್ಟ್ರೋಲಿಟಿಕ್ ಕಪ್ಯಾಸಿಟರಿಗಿ 10 ಡಿಗ್ರಿ ಕಾವು ಏರಿದ್ರ ಆಯುಷ್ಯ ಸುಮಾರು ಅರ್ಧ ಆಗ್ತದ ಅಂತ ರಿಪೇರಿ ಮಂದಿ ಲೆಕ್ಕ. ಈ ಡಬ್ಬಿ ಹಗಲೂ ರಾತ್ರಿ ನಡಿಯೂವಂಥಾದ್ದು. ಬ್ಯಾಸಗ್ಯಾಗ 75ರ ಒಳಗ ಇದ್ರ ನಿದ್ದಿ ಮಾಡು, 85 ದಾಟಿದ್ರ ಏಳು.

ಇನ್ನ ಡಬ್ಬಿ ಇಡೂ ಜಾಗ. ಪತ್ರಾಸ ಮಾಡಿನ ಕೋಣ್ಯಾಗ, ಬಾಗಲ ಹಾಕಿದ ಕಪಾಟಿನಾಗ, ಇನ್ವರ್ಟರ್ ಬ್ಯಾಟರಿ ಮ್ಯಾಲ ಇಟ್ಟು ಆಮ್ಯಾಲ ಫ್ಯಾನ್ ಬೈತಿ. ಟಿಕೋಟಾ, ಬಬಲೇಶ್ವರ ಕಡೆ ಮಣೂಕ ಒಣಗಸೂ ಶೆಡ್ ನೋಡೀದಿಲ್ಲ? ಮ್ಯಾಲ ನೆರಳು, ಬಾಜೂ ತೆರವು, ಒಂದರ ಮ್ಯಾಲೊಂದು ಬಲಿ, ನಡುವ ಗಾಳಿ ಆಡೂವಷ್ಟು ಸಂದು. ದ್ರಾಕ್ಷಿಯವ್ರು ಬಿಸಲಿಗಿ ಹಾಕೂದಿಲ್ಲ, ಗಾಳಿಗಿ ದಾರಿ ಬಿಡ್ತಾರ. ನಿನ್ನ ಡಬ್ಬಿಗೂ ಅದ ಶಾಸ್ತ್ರ. ಮುಂದ ಕೆಳಗಿಂದ ಗಾಳಿ ಒಳಗ ಬರಲಿ, ಹಿಂದ ಮ್ಯಾಲಿಂದ ಹೊರಗ ಹೋಗಲಿ. ವೈರಿನ ಗಂಟು ನಡುವ ಅಡ್ಡ ಬರಬಾರದು. ಮುಚ್ಚಳ ತಗದು ಇಟ್ರ ತಂಪಾಗ್ತದ ಅಂತ ತಿಳೀಬ್ಯಾಡ; ಎಷ್ಟೋ ಸಲ ಗಾಳಿಯ ದಾರಿ ತಪ್ಪತದ, ಎರಿ ಮಣ್ಣಿನ ಧೂಳ ಮಾತ್ರ ನೆಟ್ಟಗ ಒಳಗ ಬರ್ತದ. ಮಣ್ಣಿನ ದಪ್ಪ ಗ್ವಾಡಿಯ ಹಳೇ ಕೋಣಿ ಇದ್ರ ಅದರಷ್ಟು ಛಲೋ ಜಾಗ ಇಲ್ಲ. ನೀರಿನ ಕೂಲರ್ ಎದುರಿಗಿ ಮಾತ್ರ ಇಡಬ್ಯಾಡ, ಹಸಿಗಾಳಿ ನೆಟ್ಟಗ ಬೋರ್ಡಿಗಿ ಬಡೀತದ.

ಜಾಗ ಆತು, ಈಗ ವೇಗ. ಫ್ಯಾನಿನ ವೇಗ ಎರಡು ಪಟ್ಟಾದ್ರ ಗಾಳಿ ಎರಡ ಪಟ್ಟು, ತಗೊಳ್ಳೂ ಶಕ್ತಿ ಎಂಟು ಪಟ್ಟು, ಸಪ್ಪಳ ಸುಮಾರು 15 ಡೆಸಿಬೆಲ್ ಹೆಚ್ಚು. ಅದಕ್ಕ ಸಣ್ಣ ಫ್ಯಾನ್ ಚೀರಸೂಕಿಂತ 120 ಮಿಲಿಮೀಟರಿನ ದೊಡ್ಡ ಫ್ಯಾನ್ ನಿಧಾನ ತಿರುಗಲಿ. ನಾಕು ಪಿನ್ನಿಂದು ಇದ್ರ ವೇಗ ಹತೋಟಿಗಿ ಬರ್ತದ. ಮೂರು ಪಿನ್ನಿಂದಾದ್ರ ಬೋರ್ಡು ವೋಲ್ಟೇಜ್ ಇಳಸೂವಂಥಾದ್ದು ಇರಬೇಕು, ಇಲ್ಲಂದ್ರ ಸದಾ ಪೂರಾ ಓಡತದ. ಬಯಾಸ್‌ದಾಗ ಮೆಟ್ಟಿಲ ಹಿಂಗ ಇಡು: 50 ಡಿಗ್ರಿ ತನಕ 35 ಪರ್ಸೆಂಟ್, 70ಕ್ಕ 65, 80ಕ್ಕ ಪೂರಾ ನೂರು. ಸುಮ್ಮನಿರಲಿ ಅಂತ 20ರ ಕೆಳಗ ಇಳಸಬ್ಯಾಡ, ಕೆಲವು ಫ್ಯಾನ್ ಅಲ್ಲಿ ನಿಂತ ಬಿಡ್ತಾವ. ಏರೂದಕ್ಕೂ ಇಳಿಯೂದಕ್ಕೂ ನಡುವ 4-5 ಡಿಗ್ರಿ ಅಂತರ ಬಿಡು, ಇಲ್ಲಂದ್ರ ಫ್ಯಾನ್ ಇಡೀ ರಾತ್ರಿ ಏರೂದು ಇಳಿಯೂದು ಮಾಡತದ, ಮನಿ ಮಂದಿ ನಿನಗ ಶಾಪ ಹಾಕ್ತಾರ.

ಧೂಳಿಗಿ ಉಪಾಯ ಬ್ಯಾರೆ ಇಲ್ಲ, ಕೈ ಕೆಲಸ ಒಂದ. ಗಾಳಿ ಒಳಗ ಬರೂ ಕಡೆ ಜಾಳಿಗಿ ಹಾಕು. ಬ್ಯಾಸಗ್ಯಾಗ ತಿಂಗಳಿಗೊಮ್ಮೆ ಕರೆಂಟ್ ಬಿಚ್ಚಿ, ಹೊಸಾ ಪೇಂಟ್ ಬ್ರಶ್ ತಗೊಂಡು ಝಾಡಸು. ಬ್ಲೋವರ್ ಹಿಡದ್ರ ಫ್ಯಾನಿನ ರೆಕ್ಕಿ ಬೆರಳಲೆ ಒತ್ತಿ ಹಿಡಿ. ಅದು ಗಾಳಿಗಿ ಅತೀ ಜೋರ ತಿರುಗಿದ್ರ ಬೇರಿಂಗ್ ಕೆಡತದ.

ಕಡೀ ಮಾತು ಮಷಿನ್ನಿಂದಲ್ಲ, ನಿಂದು. ನೀ ಒಮ್ಮೆಲೆ ಜಾಗಾ ಬದಲಿ ಮಾಡ್ತಿ, ಪೇಸ್ಟ್ ಹಚ್ತಿ, ಫ್ಯಾನೂ ಹಾಕ್ತಿ. ಕಾವು ಇಳದ್ರ ಯಾವುದರಿಂದ ಇಳೀತು ಅಂತ ಹೆಂಗ ಹೇಳ್ತಿ? ಒಂದ ಬದಲಿ ಮಾಡು, ಅರ್ಧ ತಾಸು ಬಿಡು, ನೋಟ್‌ಬುಕ್ಕಿನಾಗ ಬರಿ, ಆಮ್ಯಾಲ ಎರಡನೇದು. ಐದೈದು ನಿಮಿಷಕ್ಕ ಗ್ರಾಫ್ ನೋಡಿದ್ರ ಸಿಪಿಯು ತಂಪಾಗೂದಿಲ್ಲ, ನಿನ್ನ ತಲಿ ಅಷ್ಟ ಬಿಸಿ ಆಗ್ತದ. ತಾಳಿದವನು ಬಾಳಿಯಾನು ಅನ್ನೂದು ಕಂಪ್ಯೂಟರಿಗೂ ಸುಳ್ಳಲ್ಲ. ಆ ಬಣ್ಣದ ಫ್ಯಾನಿನ ಆರ್ಡರ್ ಇವತ್ತ ರದ್ದು ಮಾಡು. ಅದರ ರೊಕ್ಕದಾಗ ಗ್ವಾಡಿಗಿ ಹಾಕೂ ಒಂದ ಥರ್ಮಾಮೀಟರ್ ತಗೊಂಡ ಬಾ.