ಉಲ್ಲಾಳ ಕೇಳಿದರೆ ಉಲ್ಲಾಳವೇ ಸಿಗಲಿ: ಫೋಟೊ ಹುಡುಕಾಟದ ಯಶಸ್ಸಿನ ಸೂತ್ರಗಳು

ಬೆಂಗಳೂರಿನ ಉಲ್ಲಾಳ ಕೆರೆಯ ಏರಿ ಮೇಲೆ ನಿಂತು ತೆಗೆದ ಫೋಟೊಗಳು ನನ್ನ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿವೆ. ಹೂಳು, ಜೊಂಡು, ಮಳೆಗಾಲದ ನೀರಿನ ಮಟ್ಟ ಎಲ್ಲವೂ ಅವುಗಳಲ್ಲಿವೆ. ಬೇಕಾದಾಗ ತಾರೀಕಿನ ಸಮೇತ ಕೈಗೆ ಸಿಕ್ಕರಷ್ಟೇ ಅವು ಕೆರೆಯ ಪರವಾಗಿ ಸಾಕ್ಷಿ ಹೇಳುತ್ತವೆ.

1. ವಿವರವನ್ನು ಫೋಟೊದ ಒಳಗೇ ಬರೆಯಿರಿ. ತಾರೀಕನ್ನೂ, ಲೊಕೇಶನ್ ಆನ್ ಇದ್ದರೆ ಜಿಪಿಎಸ್ ಅನ್ನೂ ಮೊಬೈಲ್ ತಾನೇ ಎಕ್ಸಿಫ್‌ನಲ್ಲಿ ದಾಖಲಿಸುತ್ತದೆ. ಫೋಟೊ ಫೈಲಿನಲ್ಲೇ ವಿವರ ಬರೆದಿಡುವ ಈ ಎಕ್ಸಿಫ್, 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಪದ್ಧತಿ. ಎದುರಿಗಿರುವುದು ಉಲ್ಲಾಳ ಕೆರೆಯೋ ಮಲ್ಲತ್ತಹಳ್ಳಿ ಕೆರೆಯೋ ಎಂಬುದನ್ನು ಮಾತ್ರ ನೀವೇ ಟ್ಯಾಗ್ ಹಾಕಿ ಹೇಳಬೇಕು. ಉಚಿತವಾಗಿ ಸಿಗುವ ಡಿಜಿಕ್ಯಾಮ್ ತಂತ್ರಾಂಶ ಇದಕ್ಕೆ ಸಾಕು. ಟ್ಯಾಗ್‌ಗಳನ್ನು ಫೋಟೊ ಫೈಲಿಗೇ ಬರೆಯುವ ಆಯ್ಕೆಯನ್ನು ಆನ್ ಮಾಡಿ. ಇಲ್ಲದಿದ್ದರೆ ಅವು ಡಿಜಿಕ್ಯಾಮ್‌ನ ಡೇಟಾಬೇಸಿನಲ್ಲೇ ಉಳಿದು, ಬೇರೆ ತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ.

2. ಊರಿನ ಹೆಸರು ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಬರೆದರೆ ನಮ್ಮ ಉಲ್ಲಾಳಕ್ಕೂ ರಾಣಿ ಅಬ್ಬಕ್ಕನ ಉಳ್ಳಾಲಕ್ಕೂ ಒಂದೇ ಕಾಗುಣಿತ. ಕೆರೆ ಹುಡುಕಿದವರಿಗೆ ಮಂಗಳೂರಿನ ಕಡಲು ಸಿಗುತ್ತದೆ! ಕನ್ನಡದಲ್ಲಿ ಆ ಗೊಂದಲವೇ ಇಲ್ಲ. ಆದರೆ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಅಕ್ಷರ ನಮಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಬರೀ ಇಂಗ್ಲಿಷ್ ಚಿಹ್ನೆಗಳು. ಒಂದು ಹೆಸರಿಗೆ ಒಂದೇ ಕಾಗುಣಿತ ಇಟ್ಟುಕೊಳ್ಳಿ.

3. ಗಡಿಯಾರ ಸರಿ ಮಾಡಿ. ಬ್ಯಾಟರಿ ಪೂರ್ತಿ ಇಳಿದಿದ್ದ ನನ್ನ ಹಳೆಯ ಕ್ಯಾಮೆರಾ ತಾರೀಕನ್ನೇ ಮರೆತು, ಒಂದಿಡೀ ಮಳೆಗಾಲದ ಚಿತ್ರಗಳಿಗೆ ತಪ್ಪು ವರ್ಷ ಬರೆದಿತ್ತು. ಮೈಸೂರು ರಸ್ತೆಯ ಮೆಟ್ರೊ ರೈಲು ಕೆಂಗೇರಿ ಮುಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಆ ರೈಲು ಓಡುತ್ತಿದ್ದ ಚಿತ್ರವೊಂದು ಅದಕ್ಕೂ ಹಿಂದಿನ ತಾರೀಕು ತೋರಿಸಿದಾಗಲೇ ನನಗೆ ತಪ್ಪು ಹೊಳೆದದ್ದು. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಇಂಥ ತಾರೀಕುಗಳನ್ನು ಒಟ್ಟಿಗೇ ಸರಿಸುತ್ತದೆ, ಮೂಲ ಪ್ರತಿಯನ್ನೂ ಪಕ್ಕದಲ್ಲೇ ಉಳಿಸುತ್ತದೆ. ಸ್ಕ್ಯಾನ್ ಮಾಡಿದ ಆಲ್ಬಂ ಚಿತ್ರಗಳಿಗೆ ತೆಗೆದ ದಿನವನ್ನು ಕೈಯಾರೆ ಹಾಕಿ.

4. ಏನನ್ನು ಓದಬೇಕೆಂದು ತಂತ್ರಾಂಶಕ್ಕೆ ಹೇಳಿ. ಬಹಳ ಮಂದಿ ಎಡವುವುದು ಇಲ್ಲೇ. ವಿಂಡೋಸ್‌ಗೆ ಸಿಗುವ ‘ಎವೆರಿಥಿಂಗ್’ ತಂತ್ರಾಂಶ ಮಿಂಚಿನ ವೇಗದಲ್ಲಿ ಹುಡುಕುತ್ತದೆ, ನಿಜ. ಆದರೆ ಅದರ ಸೂಚಿಯಲ್ಲಿ ಮೊದಲಿಗೆ ಇರುವುದು ಫೈಲಿನ ಹೆಸರು, ಜಾಗ, ಗಾತ್ರದಂಥ ವಿವರ ಮಾತ್ರ. 1.5ನೇ ಆವೃತ್ತಿಯಲ್ಲಿ ಆಪ್ಷನ್ಸ್ ತೆರೆದು, ಇಂಡೆಕ್ಸಸ್ ಕೆಳಗಿನ ಪ್ರಾಪರ್ಟೀಸ್‌ಗೆ ಹೋಗಿ ಟ್ಯಾಗ್ಸ್, ಡೇಟ್ ಟೇಕನ್ ಎರಡನ್ನು ಸೇರಿಸಿ. ಕಂಡದ್ದನ್ನೆಲ್ಲ ಸೇರಿಸಬೇಡಿ, ಒಂದೊಂದು ಫೈಲನ್ನೂ ತೆರೆದು ಓದಬೇಕಾಗಿ ಸೂಚಿ ನಿಧಾನವಾಗುತ್ತದೆ. ವಿಂಡೋಸ್‌ನ ಸ್ವಂತ ಹುಡುಕಾಟವೇ ಸಾಕೆನ್ನುವವರು ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ಫೋಟೊ ಫೋಲ್ಡರನ್ನು ಸೇರಿಸಿ, ಅಡ್ವಾನ್ಸ್ಡ್‌ನಲ್ಲಿ ರೀಬಿಲ್ಡ್ ಒತ್ತಿ ರಾತ್ರಿಯಿಡೀ ಬಿಡಿ. ಲಿನಕ್ಸ್ ಬಳಸುವವರಿಗೆ ರಿಕಾಲ್ ಇದೆ. ಅದು ಚಿತ್ರದ ವಿವರ ಓದಲು ಎಕ್ಸಿಫ್‌ಟೂಲ್ ಇರಲೇಬೇಕು.

5. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಬೇಡಿ, ಒಳಗಿನ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮನೆಯಲ್ಲಿ ತೆಗೆದದ್ದಾದರೆ ಹೊರಗೆ ಹಂಚುವ ಪ್ರತಿಯಿಂದ ಜಿಪಿಎಸ್ ತೆಗೆದುಹಾಕಿ.

6. ಹತ್ತೇ ಫೋಟೊದಲ್ಲಿ ಪರೀಕ್ಷಿಸಿ. ಟ್ಯಾಗ್ ಹಾಕಿ, ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ, ಹೆಸರನ್ನೂ ಬದಲಿಸಿ. ಆಮೇಲೆ ಟ್ಯಾಗ್‌ನಲ್ಲಿ ‘ಉಲ್ಲಾಳ ಕೆರೆ’ ಎಂದು ಹುಡುಕಿ. ಹತ್ತೂ ಬಂದರೆ ಉಳಿದ ರಾಶಿಗೆ ಕೈಹಾಕಿ. ಒಂಬತ್ತೇ ಬಂದರೆ ಆ ಹತ್ತನೆಯದರ ಕಾಗುಣಿತ ನೋಡಿ.