ಹಾರುವ ಕಾರು ಬಿಟ್ಟು ಬೇರೆ ಹೇಳಿಸುವುದು ಹೇಗೆ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ. ‘ಇಪ್ಪತ್ತು ವರ್ಷದ ನಂತರ ನಿಮ್ಮೂರು ಹೇಗಿರುತ್ತೆ?’ ಅಂದರೆ ಒಂಬತ್ತನೇ ತರಗತಿಯವರು ‘ಹಾರುವ ಕಾರು, ರೋಬೋಟ್’ ಅಂತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ಅಷ್ಟು ದೊಡ್ಡ ಪ್ರಶ್ನೆಗೆ ಯಾರೇ ಆಗಲಿ ಸಿನಿಮಾದಲ್ಲಿ ಕಂಡದ್ದನ್ನೇ ಹೇಳುವುದು, ದೊಡ್ಡವರೂ ಅಷ್ಟೇ. ಮೊದಲು ಮಕ್ಕಳನ್ನು ಹಿಂದಕ್ಕೆ ಕರೆದೊಯ್ಯಿರಿ. ನಿಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಇದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದ ಗಣಿ 2001ರಲ್ಲಿ ಮುಚ್ಚಿತು. ಅಪ್ಪ ಇಳಿದ ಗಣಿಗೇ ತಾವೂ ಇಳಿಯುತ್ತೇವೆ ಅಂದುಕೊಂಡಿದ್ದ ಮನೆಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಮುಚ್ಚುವ ಸೂಚನೆ ಮೊದಲೇ ಕಾಣುತ್ತಿತ್ತೇ, ಯಾರು ಏನು ಮಾಡಬಹುದಿತ್ತು ಎಂದು ಅಲ್ಲಿನ ಹಿರಿಯರನ್ನು ಕೇಳಿಕೊಂಡು ಬರಲಿ.

ಆಮೇಲೆ ‘ಭವಿಷ್ಯ ಚಕ್ರ’. ಅಮೆರಿಕದ ಜೆರೋಮ್ ಗ್ಲೆನ್ 1971ರಲ್ಲಿ ರೂಪಿಸಿದ ವಿಧಾನ. ಬೇಕಾದದ್ದು ಬೋರ್ಡು, ಸೀಮೆಸುಣ್ಣ ಮಾತ್ರ. ನಡುವೆ ‘ಊರಿನ ಬೋರ್‌ವೆಲ್‌ಗಳು ಬತ್ತಿದರೆ’ ಎಂದು ಬರೆದು ವೃತ್ತ ಹಾಕಿ. ಅದರಿಂದ ಏನಾಗುತ್ತದೆ? ಟೊಮೆಟೊ ಬೆಳೆ ನಿಲ್ಲುತ್ತದೆ. ಅದರಿಂದ? ಮೇವು, ಡೇರಿಯ ಹಾಲು, ಅಕ್ಕನ ಕಾಲೇಜು ಫೀಸು... ಎರಡನೇ ಸುತ್ತಿಗೇ ತರಗತಿಯಲ್ಲಿ ಜಗಳ ಹತ್ತುತ್ತದೆ. ಹತ್ತಲಿ ಬಿಡಿ, ಪಾಠ ನಡೆಯುವುದೇ ಆಗ. ಆದರೆ ಇನ್ನೊಂದು ಚಕ್ರ ‘ಕೆರೆ ತುಂಬಿದರೆ’ ಎಂದಿರಲಿ. ಬರೀ ಕೆಟ್ಟದ್ದನ್ನೇ ಬರೆಸಿದರೆ ಮಕ್ಕಳು ಕೈಚೆಲ್ಲುತ್ತಾರೆ.

‘ಸಿಲಬಸ್ ಎಲ್ಲಿ?’ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ ಸಮಾಜ ವಿಜ್ಞಾನದ ಚಟುವಟಿಕೆ ಎಂದು ತೋರಿಸಿ. ಅಂಕ ಕೊಡಲೇಬೇಕಾದರೆ ಉತ್ತರಕ್ಕಲ್ಲ, ಕೊಟ್ಟ ಕಾರಣಕ್ಕೆ ಕೊಡಿ.